ಹಸಿರು ಪೆನ್ಸಿಲ್ಲಿನ ಜನರಲ್

ನಮ್ಮ ಜರ್ಮನ್ ಸೈನ್ಯದ ಕಚೇರಿಗಳಲ್ಲಿ ಪೆನ್ಸಿಲ್ಲಿನ ಬಣ್ಣಕ್ಕೂ ದರ್ಜೆಯಿತ್ತು. ಹಸಿರು ಬಣ್ಣ ದಳದ ಮುಖ್ಯಸ್ಥನದು. ಕೆಂಪು ಅವನ ಕೆಳಗಿನ ಅಧಿಕಾರಿಯದು. ನೀಲಿ ಅವನಿಗೂ ಕೆಳಗಿನವನದು. ಉಳಿದವರೆಲ್ಲ ಮಾಮೂಲಿ ಸೀಸದ ಕಡ್ಡಿಯಲ್ಲಿ ಬರೆದುಕೊಳ್ಳಬೇಕು. ಒಬ್ಬರ ಬಣ್ಣವನ್ನು ಇನ್ನೊಬ್ಬರು ಮುಟ್ಟುವುದು ಪರರ ಹೆಂಡತಿಯ ಕೈ ಹಿಡಿದಷ್ಟೇ ದೊಡ್ಡ ಅಪರಾಧ.

ಹಾರ್ಟ್‌ವಿಗ್ ಲೋಮಾಯರ್ ಯುದ್ಧ ಸೋತು ಸೆರೆ ಸಿಕ್ಕಾಗ ಇಂಗ್ಲಿಷರು ಅವನ ಪದಕ, ಭುಜಪಟ್ಟಿ, ಪಿಸ್ತೂಲು ಎಲ್ಲವನ್ನೂ ಕಿತ್ತುಕೊಂಡರು. ಪೆನ್ಸಿಲ್ಲನ್ನು ಯಾರೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಬಿಡುಗಡೆಯಾಗಿ ಹುಟ್ಟೂರು ಬ್ರೊಕ್‌ವೆರ್ಡರಿಗೆ ಮರಳಿದವನು ಮೊದಲ ವಾರವೇ ಕಾಗದದಂಗಡಿಯಿಂದ ಒಂದು ಡಜನ್ ಹಸಿರು ಪೆನ್ಸಿಲ್ ತರಿಸಿಕೊಂಡ. ಊರಿನಲ್ಲಿ ಆಗ ಬ್ರೆಡ್ಡಿಗೆ ಸಾಲು ನಿಲ್ಲಬೇಕಿತ್ತು. ಅಲ್ಲಿಂದ ಸಾಯುವವರೆಗೆ ಅವನ ಕಣ್ಣ ಮುಂದೆ ಹಾದುಹೋದ ಯಾವ ಕಾಗದವೂ ಬೋಳಾಗಿ ಹೋಗಲಿಲ್ಲ. ಕೊಕ್ಕೆಯಂಥ ಒಂದು ಗೀಟು, ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರ, ಕೆಳಗೆ ಗಂಟೆ ಮತ್ತು ನಿಮಿಷ. ಇದರ ಅರ್ಥ 'ನೋಡಿದೆ' ಎಂದಷ್ಟೇ. ಒಪ್ಪಿದೆ ಎಂದಲ್ಲ, ಬೇಡ ಎಂದೂ ಅಲ್ಲ. ತೀರಾ ಅವಸರವಿದ್ದರೆ ಮಾತ್ರ ಪಕ್ಕದಲ್ಲಿ 'ಇಂದೇ' ಎಂದು ಬರೆಯುತ್ತಿದ್ದ. ಹೆಂಡತಿ ಇರ್ಮ್‌ಗಾರ್ಡ್ ಸಂತೆಗೆ ಹೊರಡುವ ಮುನ್ನ ಪಟ್ಟಿಯನ್ನು ಅವನಿಗೆ ತೋರಿಸಬೇಕಿತ್ತು. ಎಲೆಕೋಸು, ಹಂದಿಯ ಕೊಬ್ಬು, ಸಾಸಿವೆ. ಕೆಳಗೆ ಹಸಿರು ಕೊಕ್ಕೆ, ಎಂಟು ಗಂಟೆ ಹತ್ತು ನಿಮಿಷ.

ನಾನು ಈ ಗೀಟನ್ನು ಹತ್ತಿರದಿಂದ ಬಲ್ಲೆ. ಡಾಕ್ಟರೇಟ್ ಪಡೆದ ಒಂಟಿ ಹೆಂಗಸಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ನನ್ನ ತಲೆಗೆ ಚರ್ಚಿನ ಹಿರಿಯರ ಸಭೆಯ ಕಾರ್ಯದರ್ಶಿ ಕೆಲಸವನ್ನು ಕಟ್ಟಿದ್ದರು; ಸಭೆಯ ಗಂಡಸರಲ್ಲಿ ಮಾತಾಡುವವರಿದ್ದರು, ಬರೆಯುವವರಿರಲಿಲ್ಲ. ಲೋಮಾಯರ್ ಆ ಸಭೆಯ ಹಿರಿಯನಾಗಿ ಆಯ್ಕೆಯಾದ ಮೇಲೆ ನಾನು ಟೈಪು ಮಾಡಿದ ಪ್ರತಿಯೊಂದು ನಡಾವಳಿಯೂ ಅವನ ಮನೆಗೆ ಹೋಗಿ ಹಸಿರು ಹಚ್ಚಿಸಿಕೊಂಡು ಬರುತ್ತಿತ್ತು. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಚರ್ಚಿನ ಒಲೆಯ ಕೊಳವೆ ಒಡೆದಿದೆ ಎಂಬ ಸಾಲಿನ ಪಕ್ಕದಲ್ಲಿ ಒಮ್ಮೆ 'ಇಂದೇ' ಎಂದಿತ್ತು. ಕೊಳವೆ ಕೂರಿಸಿದ್ದು ಮೂರು ವಾರ ಬಿಟ್ಟು.

ಅವನ ತಂದೆ ನಮ್ಮೂರ ತೂಕ-ಅಳತೆಯ ತಪಾಸಣೆ ಮಾಡುತ್ತಿದ್ದ ಸರ್ಕಾರಿ ನೌಕರ. ಮಾರುಕಟ್ಟೆಯ ತಕ್ಕಡಿಗಳಿಗೆ ಮುದ್ರೆ ಹೊಡೆಯುವುದು ಅವನ ಕೆಲಸ. ಮಗ ಹತ್ತೊಂಬತ್ತಕ್ಕೆ ಸೈನ್ಯ ಸೇರಿದ. ಮೊದಲ ಯುದ್ಧದಲ್ಲಿ ಅವನು ಧೈರ್ಯವಾಗಿ ಹೋರಾಡಿದ ಎನ್ನುತ್ತಾರೆ, ನಾನು ನಂಬುತ್ತೇನೆ. ಗುಂಡಿನ ಮುಂದೆ ನಿಲ್ಲುವ ಧೈರ್ಯ ನಮ್ಮಲ್ಲಿ ಯಾವತ್ತೂ ಕಡಿಮೆಯಿರಲಿಲ್ಲ. ಮೇಲಧಿಕಾರಿಯ ಮುಂದೆ ನಿಲ್ಲುವ ಧೈರ್ಯ ಬೇರೆ. ಸಾವಿರದ ಒಂಬೈನೂರ ಹದಿನೇಳರಲ್ಲಿ ಅವನ ಭುಜದೊಳಗೆ ಸಿಕ್ಕಿದ್ದ ಲೋಹದ ಚೂರನ್ನು ರೆಜಿಮೆಂಟಿನ ವೈದ್ಯರಾದ ಡಾಕ್ಟರ್ ರೋಸೆನ್‌ಸ್ಟಾಕ್ ಮೇಣದಬತ್ತಿಯ ಬೆಳಕಿನಲ್ಲಿ ತೆಗೆದರು. ಆಮೇಲೆ ಹದಿನಾರು ವರ್ಷ ಪ್ರತಿ ಹೊಸವರ್ಷಕ್ಕೂ ಅವರಿಬ್ಬರ ನಡುವೆ ಕಾರ್ಡು ಓಡಾಡುತ್ತಿತ್ತು. ಮೂವತ್ತನಾಲ್ಕರ ಹೊಸವರ್ಷಕ್ಕೆ ಒಂದೇ ಕಾರ್ಡು ಬಂತು, ಡಾಕ್ಟರರದು.

ಅದೇ ವರ್ಷ ಬೇಸಿಗೆಯಲ್ಲಿ ಸೈನಿಕರೆಲ್ಲ ಮಾಡಬೇಕಾದ ಹೊಸ ನಿಷ್ಠೆಯ ಪ್ರತಿಜ್ಞೆ ಬಂತು. ದೇಶಕ್ಕಲ್ಲ, ಒಬ್ಬ ಮನುಷ್ಯನಿಗೆ. ಬರೀ ಶಿಷ್ಟಾಚಾರ ಎಂದು ಲೋಮಾಯರ್ ಹೆಂಡತಿಗೆ ಹೇಳಿದ. ಆ ಶಿಷ್ಟಾಚಾರಕ್ಕಾಗಿ ಹೊಸ ಬೂಟು ಹೊಲಿಸಿದ್ದ ಎಂದು ಇರ್ಮ್‌ಗಾರ್ಡೇ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ಎರಡು ವರ್ಷದಲ್ಲಿ ಅವನು ಕರ್ನಲ್ ಆದ, ರೆಜಿಮೆಂಟಿನ ಮುಖ್ಯಸ್ಥನಾದ, ಹಸಿರು ಪೆನ್ಸಿಲ್ ಕೈಗೆ ಬಂತು. ಯೆಹೂದಿಯಾದ ಡಾಕ್ಟರ್ ರೋಸೆನ್‌ಸ್ಟಾಕ್, ತಾನು ಯುದ್ಧದಲ್ಲಿ ದುಡಿದದ್ದಕ್ಕೆ ಒಂದು ಪತ್ರ ಬರೆದುಕೊಡಿ ಎಂದು ಕೇಳಲು ಅವನ ಬಳಿಗೆ ಬಂದರು. ಅರ್ಜಿಯನ್ನು ಸರಿಯಾದ ಮಾರ್ಗದಲ್ಲಿ ಕಳುಹಿಸಿ ಎಂದ. ಅವರು ಕಳುಹಿಸಿದರು. ಅದರ ಮೇಲೆ ಹಸಿರು ಕೊಕ್ಕೆ ಬಿತ್ತು, ಹನ್ನೊಂದು ಗಂಟೆ ಐದು ನಿಮಿಷ. ಡಾಕ್ಟರ್ ರಾಟರ್‌ಡ್ಯಾಮಿಗೆ ಹೋದರು. ಅಲ್ಲಿಂದ ಮುಂದೆ ಅವರನ್ನು ರೈಲು ಹತ್ತಿಸಿ ಎಲ್ಲಿಗೆ ಕಳುಹಿಸಿದರೆಂದು ನಮ್ಮ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಷ್ಯದಲ್ಲಿ ಅವನು ಜನರಲ್. ಮೊದಲ ಚಳಿಗಾಲದಲ್ಲಿ ಅವನ ವ್ಯಾಪ್ತಿಯಲ್ಲಿ ಸೆರೆಯಾಳುಗಳ ಒಂದು ಬಯಲಿತ್ತು. ಶಿಬಿರ ಎನ್ನಬೇಕಾದರೆ ಚಾವಣಿ ಇರಬೇಕು. ಎಷ್ಟು ಜನ ಸತ್ತರು ಎಂಬ ಲೆಕ್ಕ ದಿನವೂ ಬೆಳಿಗ್ಗೆ ಅವನ ಮೇಜಿಗೆ ಬರುತ್ತಿತ್ತು. ದಿನವೂ ಕೊಕ್ಕೆ. ಆಹಾರದ ಅಧಿಕಾರಿಯೊಬ್ಬ, ಹಾಳುಬಿದ್ದ ಉಗ್ರಾಣವೊಂದರಲ್ಲಿ ಆಲೂಗಡ್ಡೆಯಿದೆ, ಅವರಿಗೆ ಕೊಡಬಹುದೇ ಎಂದು ಬರೆದು ಕೇಳಿದ. ಇದು ನಮ್ಮ ವಿಭಾಗಕ್ಕೆ ಸೇರಿದ್ದಲ್ಲ ಎಂದು ಹಸಿರಿನಲ್ಲಿ ಉತ್ತರ ಬಂತು. ವಸಂತಕ್ಕೆ ಆಲೂಗಡ್ಡೆ ಕೊಳೆಯಿತು. ಲೋಮಾಯರನಿಗೆ ಇನ್ನೊಂದು ಪದಕ ಬಂತು.

ನಲವತ್ತನಾಲ್ಕರ ಬೇಸಿಗೆಯಲ್ಲಿ ಇಬ್ಬರು ಅಧಿಕಾರಿಗಳು ಗುಟ್ಟಾಗಿ ಅವನನ್ನು ಕಂಡು, ಮೇಲಿರುವವನನ್ನು ತೆಗೆದುಹಾಕುವ ಮಾತನ್ನಾಡಿದರು. ಅವನು ಕೇಳಿಸಿಕೊಂಡ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಾಂಬು ಸಿಡಿದೂ ಕೆಲಸ ಕೆಟ್ಟಿತೆಂದು ತಿಳಿದ ದಿನ ನಿಷ್ಠೆಯ ತಂತಿ ಕಳುಹಿಸಿದವರಲ್ಲಿ ಮೊದಲಿಗ. ಯುದ್ಧ ಮುಗಿದ ಮೇಲೆ ಹಳೆಯ ಆಡಳಿತದಲ್ಲಿ ಯಾರು ಏನು ಮಾಡಿದರೆಂದು ಗೆದ್ದವರು ನಡೆಸಿದ ವಿಚಾರಣೆಯಲ್ಲಿ, ಆ ಸಂಚು ತನಗೆ ಮೊದಲೇ ತಿಳಿದಿತ್ತು ಎಂಬುದನ್ನೇ ತನ್ನ ಪುಣ್ಯವೆಂದು ತೋರಿಸಿದ. ಆ ಇಬ್ಬರನ್ನು ನೇಣಿಗೆ ಹಾಕಿಯಾಗಿತ್ತು. ಅಲ್ಲವೆನ್ನಲು ಯಾರೂ ಉಳಿದಿರಲಿಲ್ಲ.

ಆ ವಿಚಾರಣೆಗಳ ಕಾಲದಲ್ಲಿ ಊರಿಗೆ ಊರೇ ಒಬ್ಬರಿಗೊಬ್ಬರು ಒಳ್ಳೆಯ ನಡತೆಯ ಪತ್ರ ಬರೆದುಕೊಡುತ್ತಿತ್ತು. ಕಳಂಕ ತೊಳೆಯುವುದರಿಂದ ಸೋಪಿನ ಚೀಟಿ ಎಂದು ಅದಕ್ಕೆ ಹೆಸರು. ಲೋಮಾಯರ್ ಇಪ್ಪತ್ತೆರಡು ಸೋಪಿನ ಚೀಟಿ ಸಂಪಾದಿಸಿದ. ಅದರಲ್ಲೊಂದು ನನ್ನದು. ಅವನು ಸಮವಸ್ತ್ರದಲ್ಲೇ ಚರ್ಚಿಗೆ ಬರುತ್ತಿದ್ದ ಎಂದು ಬರೆದಿದ್ದೆ. ಅದು ನಿಜ. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು.

ಇಷ್ಟೇ ಆಗಿದ್ದರೆ ಅವನ ಜೀವನವನ್ನು ಬರೆಯಲು ಕೂರುತ್ತಿರಲಿಲ್ಲ. ಅಂಥವರು ಪ್ರತಿ ಊರಿಗೂ ಒಬ್ಬರಿದ್ದರು. ಬರೆಯುತ್ತಿರುವುದು ಐವತ್ತಾರರಲ್ಲಿ ನಡೆದದ್ದಕ್ಕಾಗಿ.

ಆ ವರ್ಷ ಚರ್ಚಿನ ಗೋಡೆಗೆ ಎರಡನೆಯ ಯುದ್ಧದಲ್ಲಿ ಮಡಿದ ನಮ್ಮೂರಿನವರ ಹೆಸರಿನ ಕಂಚಿನ ಫಲಕ ಹಾಕಿಸುವುದೆಂದು ಸಭೆ ತೀರ್ಮಾನಿಸಿತು. ನೂರ ನಲವತ್ತಮೂರು ಹೆಸರು. ನವೆಂಬರಿನ ಶೋಕದ ಭಾನುವಾರಕ್ಕೆ ಫಲಕ ಸಿದ್ಧವಾಗಬೇಕಾದರೆ ಎರಕದವನಿಗೆ ಸೆಪ್ಟೆಂಬರ್ ಕೊನೆಯೊಳಗೆ ಪಟ್ಟಿ ಮುಟ್ಟಬೇಕು. ಆಗಸ್ಟ್ ಸಭೆಗೆ ಗೆಜೀನೆ ಟಾಮ್ಕೆ ಬಂದಳು. ಸೇತುವೆಯ ತುದಿಯಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿ ಅವಳದು. ಅವಳ ಗಂಡ ಯೋರ್ನ್ ಟಾಮ್ಕೆ ಗಂಡುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ, ಯುದ್ಧದಲ್ಲಿ ಲೆಫ್ಟಿನೆಂಟ್. ನಲವತ್ತೈದರ ಏಪ್ರಿಲಿನಲ್ಲಿ ಇಂಗ್ಲಿಷರು ವೆಸರ್ ನದಿಯ ಹತ್ತಿರ ಬಂದಾಗ ನಮ್ಮ ಸೇತುವೆಯನ್ನು ಸಿಡಿಸಬೇಕೆಂದು ಅವನಿಗೆ ಆಜ್ಞೆಯಾಯಿತು. ಆಚೆ ದಡದಲ್ಲಿ ಗಾಯಾಳುಗಳ ರೈಲು ನಿಂತಿದೆ, ಅವರು ದಾಟಲಿ ಎಂದು ಅವನು ಸಿಡಿಸಲಿಲ್ಲ. ತುರ್ತು ಸೈನಿಕ ನ್ಯಾಯಾಲಯ ಅರ್ಧ ಗಂಟೆಯಲ್ಲಿ ಮರಣದಂಡನೆ ವಿಧಿಸಿತು. ಮರುದಿನ ಬೆಳಿಗ್ಗೆ ಹಿಟ್ಟಿನ ಗಿರಣಿಯ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಮಧ್ಯಾಹ್ನ ಇಂಗ್ಲಿಷರು ಬಂದರು. ಸೇತುವೆ ಉಳಿಯಿತು. ಲೋಮಾಯರ್ ಪ್ರತಿದಿನ ಸಂಜೆ ಕೈಕೋಲು ಹಿಡಿದು ಅದರ ಮೇಲೆಯೇ ಗಾಳಿ ಸೇವನೆಗೆ ಹೋಗುತ್ತಿದ್ದ.

ಗೆಜೀನೆ ಕೂರಲಿಲ್ಲ. ಪಟ್ಟಿಯಲ್ಲಿ ತನ್ನ ಗಂಡನ ಹೆಸರಿಲ್ಲ ಎಂದಳು. ಮರದ ವ್ಯಾಪಾರಿ ವೀಬ್‌ಕಿಂಗ್, ಅವನೂ ಸಭೆಯ ಹಿರಿಯ, ಗಂಟಲು ಸರಿಮಾಡಿಕೊಂಡ.

"ಇದು ಶತ್ರುವಿನ ಗುಂಡಿಗೆ ಸತ್ತೋರ ಪಟ್ಟಿ, ಫ್ರಾವ್ ಟಾಮ್ಕೆ."

"ಅವ್ರಿಗೆ ಹೊಡೆದದ್ದೂ ಗುಂಡೇ. ಯಾರದ್ದು ಅಂತ ಅವರೇನು ಕೇಳ್ಕೊಂಡು ಸತ್ರಾ?"

ಊರಿನಲ್ಲಿ ಕೆಲವರು ಅವಳ ಅಂಗಡಿಗೆ ಹನ್ನೊಂದು ವರ್ಷದಿಂದ ಕಾಲಿಟ್ಟಿರಲಿಲ್ಲ. ಹೇಡಿಯ ಕೂಸು ಎಂದು ಶಾಲೆಯಲ್ಲಿ ಅವಳ ಮಗಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಅದನ್ನು ನಾನೇ ಕಂಡಿದ್ದೇನೆ. ಗೋಡೆಯ ಮೇಲೆ ಉಳಿದವರ ಜೊತೆ ಒಂದು ಹೆಸರು. ಅವಳು ಕೇಳಿದ್ದು ಅಷ್ಟೇ.

ಪಾದ್ರಿ ಹೋಲ್ಶರ್ ಒಳ್ಳೆಯವರು, ಹೆದರುಪುಕ್ಕಲು. ಅವರು ಲೋಮಾಯರನ ಕಡೆ ತಿರುಗಿದರು. ಆ ದಿನಗಳಲ್ಲಿ ಇಡೀ ಪ್ರದೇಶ ಅವನ ದಳದ ಕೈಯಲ್ಲಿತ್ತು, ಮರಣದಂಡನೆಯನ್ನು ಖಾತ್ರಿಪಡಿಸುವ ಅಧಿಕಾರವೂ ಅವನದೇ ಆಗಿತ್ತು. ಜನರಲ್ ಏನನ್ನುತ್ತಾರೆ ಎಂದು ಕೇಳಿದರು. ಲೋಮಾಯರ್ ಬಹಳ ಸಾವಕಾಶವಾಗಿ, ಬಹಳ ಚೆನ್ನಾಗಿ ಮಾತಾಡಿದ. ಆ ಕಾಗದ ತನ್ನವರೆಗೆ ಬರಲೇ ಇಲ್ಲ. ತಾನು ಕಚೇರಿಯಲ್ಲಿರಲಿಲ್ಲ, ದೂರದಲ್ಲಿ ನದಿಯ ದಂಡೆಯಲ್ಲಿದ್ದೆ, ಟೆಲಿಫೋನ್ ತಂತಿ ಕಡಿದುಹೋಗಿತ್ತು. ತನ್ನ ಪರವಾಗಿ ಕೆಳಗಿನ ಕರ್ನಲ್ ಖಾತ್ರಿಪಡಿಸಿರಬೇಕು. ಅವರೀಗ ಬದುಕಿಲ್ಲ.

"ತೀರ್ಮಾನ ನನ್ನದಾಗಿದ್ರೆ ಕ್ಷಮಿಸ್ತಿದ್ದೆ. ಖಂಡಿತ ಕ್ಷಮಿಸ್ತಿದ್ದೆ. ಆದ್ರೆ ಸತ್ತುಹೋದ ಜೊತೆಗಾರನ ತೀರ್ಮಾನ ಬದಲಾಯಿಸೋ ಹಕ್ಕು ನನಗಿಲ್ಲ, ಫ್ರಾವ್ ಟಾಮ್ಕೆ. ಇಲ್ಲಾ ಅಂದ್ರೆ ಆ ಕಾಗದ ಗುಮಾಸ್ತರ ಕೈಯಲ್ಲಿ ಎಲ್ಲೋ ಬಿದ್ದುಹೋಗಿರಬೇಕು. ಕೊನೇ ವಾರಗಳಲ್ಲಿ ಗುಮಾಸ್ತರೆಲ್ಲ ಕುಡಿದೇ ಇರ್ತಿದ್ರು."

ಅವನ ಬೆನ್ನ ಹಿಂದೆ, ಚಳಿಗಾಲಕ್ಕೆಂದು ಒಲೆಯ ಪಕ್ಕ ಇದ್ದಿಲು ಪೇರಿಸುತ್ತಿದ್ದವನು ಏವಾಲ್ಡ್ ಪ್ರುಸ್. ಚರ್ಚಿನ ಗಂಟೆ ಹೊಡೆಯುವವನು, ನೆಲ ಗುಡಿಸುವವನು. ಯುದ್ಧದ ಕೊನೆಯ ಎರಡು ವರ್ಷ ಲೋಮಾಯರನ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಹಳೆಯ ಯಜಮಾನನಿಗೆ ಸೋಪಿನ ಚೀಟಿ ಬರೆದುಕೊಟ್ಟು, ಅದಕ್ಕೆ ಬದಲಾಗಿ ಈ ಕೆಲಸ ಗಿಟ್ಟಿಸಿಕೊಂಡಿದ್ದ. ಇದ್ದಿಲು ಹಾಕುವವನು ಕೋಣೆಯಲ್ಲಿದ್ದಾನೆ ಎಂಬುದು ಲೋಮಾಯರನಿಗೆ ಕಾಣುತ್ತಿರಲಿಲ್ಲ. ಅದು ಅವನ ವರ್ಗದ ರೋಗ.

ಜನರಲ್ ಹೇಳಿದ್ದನ್ನು ಹೇಳಿದಂತೆಯೇ ನಡಾವಳಿಯಲ್ಲಿ ಬರೆದೆ: ತೀರ್ಮಾನ ತನ್ನದಾಗಿದ್ದರೆ ಕ್ಷಮಿಸುತ್ತಿದ್ದೆ. ಮರುದಿನ ಹಾಳೆ ಹಸಿರು ಕೊಕ್ಕೆಯೊಂದಿಗೆ ವಾಪಸು ಬಂತು. ಪಟ್ಟಿ ನೂರ ನಲವತ್ತಮೂರಕ್ಕೇ ನಿಂತಿತು.

ಸೆಪ್ಟೆಂಬರ್ ಸಭೆ ಎಂದಿನಂತೆ ಸಂಜೆ ಐದಕ್ಕೆ ಸೇರಿತು. ಗೆಜೀನೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು. ಯಾಕೆ ಬಂದಳೆಂದು ಯಾರಿಗೂ ತಿಳಿಯಲಿಲ್ಲ. ಪಟ್ಟಿಯನ್ನು ಎರಕದವನಿಗೆ ಕಳುಹಿಸುವ ಮಾತು ಬಂದಾಗ ಪ್ರುಸ್ ಇದ್ದಿಲಿನ ಬುಟ್ಟಿ ಕೆಳಗಿಟ್ಟ. ಕೈಯನ್ನು ಷರಾಯಿಗೆ ಒರೆಸಿಕೊಂಡ. ಹಾಡಿನ ಪುಸ್ತಕದೊಳಗಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಯುದ್ಧದ ಕೊನೆಯಲ್ಲಿ ಕಚೇರಿಯ ಕಾಗದವೆಲ್ಲವನ್ನೂ ಸುಟ್ಟುಹಾಕಿ ಎಂದು ಆಜ್ಞೆಯಾಗಿದ್ದ ದಿನ ಅವನು ಸುಡದೆ ಉಳಿಸಿಕೊಂಡದ್ದು, ಮುಂದೆಂದಾದರೂ ತನ್ನ ಚರ್ಮ ಉಳಿಸಲು ಬೇಕಾದೀತೆಂದು.

ಯೋರ್ನ್ ಟಾಮ್ಕೆಯ ಮರಣದಂಡನೆಯ ತೀರ್ಪು. ಕೆಳಗೆ ಅವನದೇ ಕೈಬರಹದ ಕ್ಷಮಾಯಾಚನೆ, ಆರು ಸಾಲು. ರೈಲಿನಲ್ಲಿ ನಾನೂರು ಗಾಯಾಳುಗಳಿದ್ದಾರೆ ಎಂದಿತ್ತು. ಅದರ ಪಕ್ಕದಲ್ಲಿ ಹಸಿರು ಕೊಕ್ಕೆ, ಅಕ್ಷರ, ಏಪ್ರಿಲ್ ಆರು, ಹದಿನಾರು ಗಂಟೆ ಇಪ್ಪತ್ತು ನಿಮಿಷ. ಅದಕ್ಕೂ ಪಕ್ಕದಲ್ಲಿ ಒಂದೇ ಪದ: 'ಇಂದೇ'. ಒಲೆಯ ಕೊಳವೆಗೆ ಬರೆದ ಅದೇ ಪದ, ಅದೇ ಓರೆ. ಕೊಳವೆಯಂತೆ ಗುಂಡು ಹೊಡೆಯುವುದೂ ತಡವಾಯಿತು, ಒಂದು ರಾತ್ರಿ ಮಾತ್ರ.

ಲೋಮಾಯರ್ ಕನ್ನಡಕ ಹಾಕಿಕೊಂಡು ಹಾಳೆಯನ್ನು ಓದಿದ. ಬೆವರಲಿಲ್ಲ, ನಡುಗಲಿಲ್ಲ. ಅಂಥವರಿಗೆ ಅದಕ್ಕೆಲ್ಲ ತರಬೇತಿಯಿರುತ್ತದೆ. ಕನ್ನಡಕ ತೆಗೆದು, ಇದು ತನ್ನದಲ್ಲ, ತಾನು ಅಲ್ಲಿರಲೇ ಇಲ್ಲವಲ್ಲ, ಅವಸರದಲ್ಲಿ ಕರ್ನಲ್ ಹಾಕಿರಬೇಕು ಎಂದ.

"ಕರ್ನಲ್‌ರದ್ದು ಕೆಂಪು," ಎಂದ ಪ್ರುಸ್.

"ಕೆಂಪು ಸಿಕ್ಕಿರಲಿಕ್ಕಿಲ್ಲ."

"ಅಂದ್ರೆ ನಿಮ್ಮ ಕಚೇರೀಲಿ ಕೆಂಪಿನೋರು ಹಸಿರು ಎತ್ಕೋತಿದ್ರು ಅಂತಾಯ್ತು, ಹೆರ್ ಜನರಲ್. ಹಾಗಾದ್ರೆ ನೀಲಿಯೋರೂ ಎತ್ಕೊಂಡಿರ್ತಾರೆ. ನಮ್ಮ ಅಡುಗೆಯ ಕಾರ್ಲ್ ಸಾರಿನ ಪಟ್ಟಿ ಬರೀತಿದ್ದನಲ್ಲ, ಅವನೂ ನಿಮ್ಮದ್ರಲ್ಲೇ ಬರೀತಿದ್ನೋ ಏನೋ. ನಾನೇ ದಡ್ಡ, ಎರಡು ವರ್ಷ ಸೀಸದಕಡ್ಡಿ ಸವೆಸಿದೆ."

ವೀಬ್‌ಕಿಂಗ್ ನಕ್ಕುಬಿಟ್ಟ. ಅವನು ಲೋಮಾಯರನ ಕೈಕೆಳಗೆ ಕ್ಯಾಪ್ಟನ್ ಆಗಿದ್ದವನು; ಬೇರೆ ಯಾರು ನಕ್ಕಿದ್ದರೂ ಜನರಲ್ ತಡೆದುಕೊಳ್ಳುತ್ತಿದ್ದನೇನೋ. ಡಾಕ್ಟರ್ ರೋಸೆನ್‌ಸ್ಟಾಕರ ಅರ್ಜಿಯನ್ನು, ಬಯಲಿನ ಹೆಣಗಳ ಲೆಕ್ಕವನ್ನು, ನೇಣಿಗೆ ಹೋದ ಇಬ್ಬರನ್ನು ಸಲೀಸಾಗಿ ನುಂಗಿ ನೀರು ಕುಡಿದವನಿಗೆ ಈ ನಗು ಗಂಟಲಲ್ಲಿ ಇಳಿಯಲಿಲ್ಲ. ಕುತ್ತಿಗೆಯಿಂದ ಕಿವಿಯವರೆಗೂ ಕೆಂಪೇರಿ ಎದ್ದು ನಿಂತ.

"ನನ್ನ ಕಚೇರಿಯಲ್ಲಿ ಹಸಿರು ಪೆನ್ಸಿಲ್ ಇದ್ದದ್ದು ಒಂದು. ಅದು ನನ್ನ ಎದೆಯ ಜೇಬಲ್ಲಿತ್ತು. ನನ್ನ ಬಿಟ್ಟು ಇನ್ನೊಬ್ಬ ಅದನ್ನ ಮುಟ್ಟಿಲ್ಲ, ಒಂದು ದಿನಕ್ಕೂ ಮುಟ್ಟಿಲ್ಲ. ನನ್ನ ದಳ ಅಂಥ ದಳ ಆಗಿರಲಿಲ್ಲ."

"ಇದನ್ನ ನಡಾವಳಿಗೆ ಬರ್ಕೊಳ್ಳಲಾ, ಹೆರ್ ಜನರಲ್?" ಎಂದು ಕೇಳಿದೆ.

"ಬರ್ಕೊಳ್ಳಿ, ಫ್ರಾಯ್ಲೈನ್ ಡಾಕ್ಟರ್. ಅಕ್ಷರಕ್ಕಕ್ಷರ ಬರ್ಕೊಳ್ಳಿ."

ಬರೆದುಕೊಂಡೆ. ತಾನೇನು ಹೇಳಿದೆ ಎಂಬುದು ಅವನಿಗೆ ತಿಳಿಯಲು ಪಾದ್ರಿ ನೀರು ಕುಡಿದು ಲೋಟ ಕೆಳಗಿಡುವಷ್ಟು ಹೊತ್ತು ಹಿಡಿಯಿತು. ಕೊಲೆಗಾರ ಎನಿಸಿಕೊಳ್ಳುವುದನ್ನು ಅವನು ಹೇಗೋ ಸಹಿಸಿಯಾನು. ಪೆನ್ಸಿಲ್ ಕಾಯಲಾಗದವನು ಎನಿಸಿಕೊಳ್ಳಲಾರ. ಇಂಥ ತಪ್ಪನ್ನು ನಮ್ಮ ಜನ ಮಾತ್ರ ಮಾಡಬಲ್ಲರು ಎಂದು ನನಗೆ ಅನೇಕ ಸಲ ಅನ್ನಿಸಿದೆ, ಅದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ.

ಹೋದ ತಿಂಗಳ ನಡಾವಳಿಯನ್ನು ತೆಗೆದು, ಅವನದೇ ಕೊಕ್ಕೆಯಿದ್ದ ಸಾಲನ್ನು ಸಭೆಗೆ ಓದಿ ಹೇಳಿದೆ. ತೀರ್ಮಾನ ತನ್ನದಾಗಿದ್ದರೆ ಕ್ಷಮಿಸುತ್ತಿದ್ದೆ. ಗೆಜೀನೆ ಕುರ್ಚಿಯಿಂದ ಏಳದೆ ಮಾತಾಡಿದಳು.

"ತೀರ್ಮಾನ ನಿಮ್ಮದೇ ಅಂತ ಈಗ ನೀವೇ ಹೇಳಿದ್ರಿ. ಕ್ಷಮಿಸ್ತೀರೋ ಇಲ್ವೋ?"

ಲೋಮಾಯರ್ ಅವಳ ಕಡೆ ನೋಡಲಿಲ್ಲ. ಆ ಕಾಲದ ಪರಿಸ್ಥಿತಿಯನ್ನು ಇಂದು ಬೆಚ್ಚಗೆ ಕೂತು ಅಳೆಯಲಾಗದು ಎಂದ. ಮೇಲಿನಿಂದ ಬಂದ ಕಟ್ಟಾಜ್ಞೆ ಎಂದ. ಸೇತುವೆ ಸೈನಿಕ ದೃಷ್ಟಿಯಿಂದ ಎಷ್ಟು ಮುಖ್ಯವಾಗಿತ್ತೆಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ. ಅದೇ ಮಧ್ಯಾಹ್ನ ಎಲ್ಲ ಮುಗಿದುಹೋಗಿತ್ತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಗೆ, ಸಭೆ ಹೆಸರು ಸೇರಿಸುವುದಾದರೆ ತನ್ನ ಆಕ್ಷೇಪವಿಲ್ಲ ಎಂದ. ಕ್ಷಮಿಸಿದೆ ಎಂಬ ಪದ ಬಾಯಿಂದ ಬರಲಿಲ್ಲ, ಕ್ಷಮಿಸಿ ಎಂಬುದಂತೂ ದೂರವೇ ಉಳಿಯಿತು. ಏಳು ಕೈಗಳಲ್ಲಿ ಆರು ಮೇಲೆದ್ದವು. ನೂರ ನಲವತ್ತನಾಲ್ಕು ಹೆಸರಿನ ಪಟ್ಟಿಯನ್ನು ಮರುದಿನ ನಾನೇ ಅಂಚೆಗೆ ಹಾಕಿದೆ.

ನಡಾವಳಿಯನ್ನು ಟೈಪು ಮಾಡಿ ವಾಡಿಕೆಯಂತೆ ಅವನ ಮನೆಗೆ ಕಳುಹಿಸಿದೆ. ಈ ಸಲ ವಾಪಸು ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ಪೆನ್ಸಿಲ್ಲಿನ ಬಗ್ಗೆ ಅವನಾಡಿದ ಮಾತು ಅಕ್ಷರಕ್ಕಕ್ಷರ ಇತ್ತು, ಕೆಳಗೆ ಹಸಿರು ಕೊಕ್ಕೆ, ಒಂಬತ್ತು ಗಂಟೆ ಮೂವತ್ತೈದು ನಿಮಿಷ. ಕಾಗದ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ ಅಷ್ಟೆ.

ನವೆಂಬರಿನಲ್ಲಿ ಫಲಕ ಗೋಡೆಯೇರಿತು. ಜನರಲ್ ಲೋಮಾಯರರು ಹಿರಿತನ ತೋರಿ ಹಳೆಯದನ್ನು ಮರೆತರು ಎಂದು ಜಿಲ್ಲೆಯ ಪತ್ರಿಕೆಯೊಂದು ಬರೆಯಿತು. ಆ ಸಂಚಿಕೆ ಬಂದ ದಿನ ಗೆಜೀನೆ ನನ್ನ ಮನೆಗೆ ಬಂದು ನಡಾವಳಿಯ ಹಾಳೆ ಕೇಳಿದಳು. ಕಡತಕ್ಕೆ ನಕಲು ಸಾಕಿತ್ತು, ಮೂಲವನ್ನು ಕೊಟ್ಟೆ. ಅದನ್ನು ಅವಳು ಅಂಗಡಿಯ ಗಾಜಿನೊಳಗೆ, ಮುತ್ತಿನ ಗುಂಡಿಯ ಹಲಗೆಗೂ ಲೇಸಿನ ಸುರುಳಿಗೂ ನಡುವೆ, ಬೀದಿಗೆ ಮುಖಮಾಡಿ ನಿಲ್ಲಿಸಿದಳು. ಸೇತುವೆಗೆ ಹೋಗುವವರೆಲ್ಲ ಓದುತ್ತಿದ್ದರು. ಹನ್ನೊಂದು ವರ್ಷ ಒಳಗೆ ಬಾರದಿದ್ದವರು ಗಾಜಿಗೆ ಮೂಗು ಹಚ್ಚಿ ನಿಂತಿದ್ದನ್ನು ಕಂಡಿದ್ದೇನೆ. ಪ್ರುಸ್ ಅಂತೂ ಭಾನುವಾರ ಪ್ರಾರ್ಥನೆ ಮುಗಿಸಿ ಬಂದವರನ್ನು ನಿಲ್ಲಿಸಿಕೊಂಡು ಯಾವುದು ಕೊಕ್ಕೆ, ಯಾವುದು ಗಂಟೆ ಎಂದು ಪಾಠ ಹೇಳುತ್ತಿದ್ದ.

ಲೋಮಾಯರ್ ನನ್ನನ್ನು ಕಂಡು, ಚರ್ಚಿನ ದಾಖಲೆ ಗುಂಡಿಯಂಗಡಿಯಲ್ಲಿರುವುದು ಕ್ರಮವಲ್ಲ, ತೆಗೆಸಿ ಎಂದ. ಅರ್ಜಿಯನ್ನು ಸರಿಯಾದ ಮಾರ್ಗದಲ್ಲಿ ಕಳುಹಿಸಿ ಎಂದೆ. ಅವನು ಕಳುಹಿಸಲಿಲ್ಲ. ಸಂಜೆಯ ನಡಿಗೆಯನ್ನು ಚರ್ಮ ಹದಮಾಡುವ ಕಾರ್ಖಾನೆಯ ಕಡೆಗೆ ತಿರುಗಿಸಿಕೊಂಡ. ಅಲ್ಲಿ ವರ್ಷವಿಡೀ ನಾತ. ನನಗೆ ತಿಳಿದಂತೆ ಆ ಮೇಲೆ ಅವನು ಕಾಲ್ನಡಿಗೆಯಲ್ಲಿ ಸೇತುವೆ ದಾಟಲಿಲ್ಲ.

ಅರವತ್ತಮೂರರಲ್ಲಿ ಸತ್ತ, ಹಾಸಿಗೆಯಲ್ಲಿ, ಶುಭ್ರವಾದ ಅಂಗಿಯಲ್ಲಿ. ಊರು ವಾದ್ಯ ನುಡಿಸಿ ಕಳುಹಿಸಿಕೊಟ್ಟಿತು. ಶವಸಂಸ್ಕಾರದ ಹಿಂದಿನ ದಿನ ಇರ್ಮ್‌ಗಾರ್ಡ್ ತೋಳಿಗೆ ಕಟ್ಟುವ ಕಪ್ಪು ಪಟ್ಟಿ ಕೊಳ್ಳಲು ಗೆಜೀನೆಯ ಅಂಗಡಿಗೆ ಹೋದಳು. ಬೇರೆ ಅಂಗಡಿ ಊರಿನಲ್ಲಿರಲಿಲ್ಲ. ಏಳು ವರ್ಷದಲ್ಲಿ ಅದೇ ಮೊದಲು. ಒಳಗೆ ಹೋಗುವ ಮೊದಲು ಗಾಜಿನ ಮುಂದೆ ನಿಂತು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳಂತೆ. ಇದನ್ನು ನನಗೆ ಹೇಳಿದವಳು ಗೆಜೀನೆ.

"ನನ್ನ ಸಂತೆ ಪಟ್ಟಿ ಮೇಲೂ ಹೀಗೇ ಹಾಕೋರು," ಎಂದಳಂತೆ ಇರ್ಮ್‌ಗಾರ್ಡ್.

ಗೆಜೀನೆ ಎಷ್ಟು ಉದ್ದ ಬೇಕು ಎಂದು ಕೇಳಿ, ಅಳೆದು, ಕತ್ತರಿಸಿ ಕೊಟ್ಟಳು.